ಕಾಜಲ್‌ಗೆ ನೆಗಡಿ ಬಂದಾಗ

ವಿದ್ಯಾವತಿ ಹೊಲಸು ಕಂಡರೆ ಮೂಗು ಮುರಿಯುವ ಹೆಂಗಸಲ್ಲ. ದಾಂಡೇಲಿಯ ಒಂದು ರದ್ದಿ ಗೋದಾಮಿನಲ್ಲಿ ಅವಳ ಕೆಲಸ. ಲಾರಿಯಿಂದ ಇಳಿದ ಹಳೆ ಕಾಗದದ ಗಂಟು ಬಿಚ್ಚಿ, ರಟ್ಟು ಬೇರೆ, ಬಿಳಿ ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ ಮಾಡಿ ಗುಡ್ಡೆ ಹಾಕುವುದು. ಗಂಟಿನೊಳಗೆ ಸತ್ತ ಇಲಿ ಇರುತ್ತಿತ್ತು, ಯಾರದೋ ಕೂಸಿನ ಹೇಲುಬಟ್ಟೆ ಇರುತ್ತಿತ್ತು, ಕೊರೋನಾ ಬಂದ ಮೇಲೆ ಉಗುಳು ಅಂಟಿ ಒಣಗಿದ ಮಾಸ್ಕುಗಳೂ ಸಿಗುತ್ತಿದ್ದವು. ಜತೆಗಾರ್ತಿಯರು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ಸರಿದರೆ ವಿದ್ಯಾವತಿ ನಗುತ್ತಾ ಎತ್ತಿ ಆಚೆ ಒಗೆಯುತ್ತಿದ್ದಳು. ಅಂಥವಳಿಗೆ ಮನುಷ್ಯರ ಮುಖ ನೋಡಿ ವಾಕರಿಕೆ ಬಂದದ್ದು ಎರಡನೇ ಅಲೆ ಇಳಿದ ಮೇಲೆ, ಗಣೇಶ ಚೌತಿ ಮುಗಿದ ವಾರ, ಮಗಳು ಕಾಜಲ್‌ಗೆ ನೆಗಡಿಯಾದಾಗ.

ಕಾಜಲ್‌ಗೆ ಇನ್ನೂ ವರ್ಷ ತುಂಬಿರಲಿಲ್ಲ. ಹುಟ್ಟಿದಾಗಿನಿಂದ ಆ ಕೂಸು ಕಂಡದ್ದು ಅಪ್ಪ, ಅವ್ವ, ಅಜ್ಜಿ ಮತ್ತು ಬಂಗೂರನಗರದ ಮಗ್ಗುಲಿನ ಚಾಳಿನ ಒಂದು ಕೋಣೆಯ ನಾಲ್ಕು ಗೋಡೆ. ಒಂದು ಸೀನೂ ಸೀನಿರಲಿಲ್ಲ. ಅಪ್ಪ ಬಾಳೇಶ ಊರಿನ ಕಾಗದದ ಮಿಲ್ಲಿನಲ್ಲಿ ಗುತ್ತಿಗೆಯ ಮೇಲೆ ಲೋಡಿಂಗ್ ಮಾಡುವವನು. ಅವನ ತಂದೆ ಶೇಖಪ್ಪ ಮುಂಡಗೋಡ ತಾಲೂಕಿನ ಇಂದೂರಿನಲ್ಲಿ ಗೋವಿನಜೋಳ ಬೆಳೆದುಕೊಂಡು ಗಟ್ಟಿಮುಟ್ಟಾಗಿದ್ದವನು ಆ ಬೇಸಿಗೆಯಲ್ಲೇ ಕೊರೋನಾಕ್ಕೆ ಹೋದ. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು. ಹಗ್ಗದಾಚೆ ನಿಂತು ನೋಡಿದ ಬಾಳೇಶ ಮುಖವನ್ನೂ ಕಾಣಲಿಲ್ಲ, ಮಣ್ಣನ್ನೂ ಹಾಕಲಿಲ್ಲ. ಹೊಲ ಮನೆ ಪಾಲಿನವರಿಗೆ ವಹಿಸಿ ತಾಯಿ ಮಾಲವ್ವನನ್ನು ದಾಂಡೇಲಿಗೆ ಕರೆದುಕೊಂಡು ಬಂದ. ಅಂದಿನಿಂದ ಅವನು ಬಾಗಿಲ ಹಿಡಿಕೆಯನ್ನು ಮೊಣಕೈಯಿಂದ ತಳ್ಳುತ್ತಿದ್ದ. ಅಪ್ಪನನ್ನು ಹಾಗೆ ಕಳಕೊಂಡವನು, ಇರಲಿ ಅಂದುಕೊಂಡಿದ್ದಳು ವಿದ್ಯಾವತಿ.

ಚೌತಿಗೆ ಚಾಳಿನ ಅಂಗಳದಲ್ಲಿ ಸಣ್ಣ ಗಣಪತಿ ಕೂಡಿಸಿದ್ದರು. ವರ್ಷಗಟ್ಟಲೆ ಒಳಗೆ ಕೂತ ಹುಡುಗರೆಲ್ಲ ಬಿಟ್ಟ ಕರುಗಳ ಹಾಗೆ ಹೊರಗೆ ಬಿದ್ದರು. ಪಕ್ಕದ ಕೋಣೆಯ ಜ್ಯೋತಿಯ ಮಗ ದೇವರಾಜ ಕಾಜಲ್‌ಳನ್ನು ಎತ್ತಿಕೊಂಡು ಎಲ್ಲ ಕಡೆ ಮೆರೆಸಿದ. ಅವನ ಮೂಗಿನಿಂದ ಎರಡು ಹಸಿರು ಸುಂಬಳದ ಗೆರೆ ಇಳಿದು ತುಟಿಯ ತನಕ ಬಂದಿದ್ದವು. ತಾನು ಅರ್ಧ ಕಚ್ಚಿದ ಮೋದಕವನ್ನು ಕೂಸಿನ ಬಾಯಿಗಿಟ್ಟ.

"ಜ್ಯೋತಿ, ಅವನಿಗೆ ನೆಗಡಿ ಆಗೇತೇನ?" ಎಂದು ವಿದ್ಯಾವತಿ ಕೇಳಿದಳು.

"ಏ, ನೆಗಡಿ ಎಲ್ಲಿಂದ ಬರಬೇಕ ವಿದ್ಯಕ್ಕಾ. ಧೂಳಿಂದು ಅಲರ್ಜಿ ಅದು," ಎಂದು ಜ್ಯೋತಿ ಮಗನ ಮೂಗನ್ನು ಸೆರಗಿನಿಂದ ಒರೆಸಿದಳು. ಅವಳ ಮನೆಯಿಂದ ಹಿಂದಿನ ಎರಡು ದಿನ ಕೆಮ್ಮಿನ ಸದ್ದು ಬಂದಿತ್ತು. ಕೆಮ್ಮು ಬಂದಾಗಲೆಲ್ಲ ಜ್ಯೋತಿ ಟಿವಿಯ ಸದ್ದು ಹೆಚ್ಚಿಸುತ್ತಿದ್ದಳು. ಅದು ವಿದ್ಯಾವತಿಗೆ ಅರ್ಥವಾದದ್ದು ಆಮೇಲೆ.

ವಾರ ಕಳೆಯುವುದರೊಳಗೆ ಕಾಜಲ್‌ಳ ಮೂಗು ಕಟ್ಟಿತು. ಮೊದಲು ನೀರು, ಆಮೇಲೆ ಅಂಟಂಟು ಸುಂಬಳ. ಮೊಲೆಗೆ ಬಾಯಿ ಹಾಕಿ ಎರಡು ಸಲ ಚೀಪುವುದು, ಉಸಿರು ಸಿಗದೆ ಬಿಟ್ಟು ಅಳುವುದು. ಕೆಮ್ಮಿ ಕೆಮ್ಮಿ ಕುಡಿದ ಹಾಲನ್ನೆಲ್ಲ ಕಫದ ಜತೆ ಅವ್ವನ ಎದೆಯ ಮೇಲೆ ಕಕ್ಕುತ್ತಿತ್ತು. ಮಾಲವ್ವ ಕೂಸಿನ ಅಂಗಿ ಎತ್ತಿ, ಉಸಿರಿಗೊಮ್ಮೆ ಒಳಗೆ ಸೇದಿಕೊಳ್ಳುವ ಪಕ್ಕೆಲುಬು ನೋಡಿ, "ಪಕ್ಕಿ ಒಳಗ ಎಳ್ಯಾಕತ್ತಾವು ನೋಡ. ದವಾಖಾನಿಗೆ ಹೋಗೂಣು," ಅಂದಳು.

ಬಾಳೇಶ ಹೊಸ್ತಿಲಾಚೆ ನಿಂತಿದ್ದ. "ಯಾರಿಗೂ ಹೇಳಬ್ಯಾಡ್ರಿ. ಹಲ್ಲ ಬರಾಕತ್ತಾವು ಅನ್ರಿ. ಮನ್ಯಾಗ ಕೆಮ್ಮೈತಿ ಅಂತ ಗೊತ್ತಾದ್ರ ಮಿಲ್ಲಿನ ಗೇಟಿನ್ಯಾಗ ನನ್ನ ಒಳಗ ಬಿಡೂದಿಲ್ಲ," ಅಂದ. ಆ ದಿನದಿಂದ ಕಟ್ಟೆಯ ಮೇಲೆ ಹಾಸಿಕೊಂಡು ಮಲಗಿದ.

ಗುಟ್ಟು ಎಲ್ಲಿ ಉಳಿಯಬೇಕು? ಚಾಳಿನ ಗೋಡೆ ಒಂದೇ ಇಟ್ಟಿಗೆಯದು. ಮರುದಿನ ಮುಂಜಾನೆ ಬಾಗಿಲು ತೆರೆದರೆ ಹೊಸ್ತಿಲಿಗೆ ಅಡ್ಡವಾಗಿ ರಂಗೋಲಿಯ ಹಾಗೆ ದಪ್ಪಗೆ ಬ್ಲೀಚಿಂಗ್ ಪೌಡರ್ ಬಿದ್ದಿತ್ತು. ಅದರ ಘಾಟು ಒಳಗೆ ಹೊಕ್ಕು ಕೂಸು ನೀಲಿಯಾಗುವ ತನಕ ಕೆಮ್ಮಿತು. ವಿದ್ಯಾವತಿ ನೀರು ಸುರಿದು ಅದನ್ನು ಬಳಿಯುತ್ತಿದ್ದಾಗ ಜ್ಯೋತಿ ತನ್ನ ಬಾಗಿಲಲ್ಲಿ ಎರಡು ಮಾಸ್ಕು ಏರಿಸಿಕೊಂಡು ನಿಂತಿದ್ದಳು.

"ನಾನ ಹಾಕೇನಿ ಅಕ್ಕಾ. ಬ್ಯಾಸರ ಮಾಡ್ಕೋಬ್ಯಾಡ. ಸಣ್ಣ ಮಕ್ಕಳು ಅದಾವು, ಎಲ್ಲಾರೂ ಹುಷಾರಿರಬೇಕಲ್ಲ. ನಲ್ಲಿಗೂ ನೀ ಕಡೀಕ ಬಂದ್ರ ಚಲೋ."

"ನಿಮ್ಮ ದೇವರಾಜಗೂ ಇದ ಇತ್ತಲ್ಲ?"

"ಅವಂದು ಅಲರ್ಜಿ ಅಂತ ಅವತ್ತ ಹೇಳಿಲ್ಲನು?" ಜ್ಯೋತಿ ಕಣ್ಣು ಪಿಳುಕಿಸಲಿಲ್ಲ. ಅವಳ ಕಾಲ ಸಂದಿನಿಂದ ದೇವರಾಜ ಇಣುಕಿದ. ಮೂಗಿನ ಕೆಳಗೆ ಒಣಗಿದ ಸುಂಬಳದ ಪೊರೆ ಇನ್ನೂ ಇತ್ತು.

ವಿದ್ಯಾವತಿಗೆ ಹೇಸಿಕೆಯಾಯಿತು. ಹುಡುಗನ ಸುಂಬಳಕ್ಕಲ್ಲ. ಆ ಎರಡು ಮಾಸ್ಕಿನ ಮೇಲೆ ಕಾಣುತ್ತಿದ್ದ, ಸುಳ್ಳು ಹೇಳಿಯೂ ತಣ್ಣಗಿದ್ದ ಎರಡು ಕಣ್ಣಿಗೆ.

ಊರಿನ ಒಬ್ಬ ಖಾಸಗಿ ಡಾಕ್ಟರ ಬಳಿ ಹೋದರು. ಆತ ಮೇಜಿನ ಮುಂದೆ ಮಾಡಿನಿಂದ ನೆಲದ ತನಕ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಅದರಾಚೆ ಕೂತಿದ್ದ. ಹಾಳೆಯ ತುಂಬ ಹಿಂದಿನ ರೋಗಿಗಳ ಉಸಿರಿನ, ಎಂಜಲಿನ ಚುಕ್ಕೆಗಳು ಒಣಗಿದ್ದವು. ಕೂಸನ್ನು ಅಲ್ಲಿಂದಲೇ ಎತ್ತಿ ಹಿಡಿಯಲು ಹೇಳಿದ, ಟಾರ್ಚ್ ಬಿಟ್ಟ, ಆರಿಸಿದ.

"ಮಾಸ್ಕ್ ಹಾಕಿಲ್ಲ ಯಾಕ?"

"ಹಾಲ ಕುಡಿಯೂ ಕೂಸರೀ ಅದು. ಉಸಿರ ಆಡವಲ್ದು. ಒಮ್ಮೆ ಎದಿ ಮುಟ್ಟಿ ನೋಡ್ರಿ," ಎಂದಳು ವಿದ್ಯಾವತಿ.

"ಮುಟ್ಟೂದೇನ ಬ್ಯಾಡ. ಮೊದಲ ಟೆಸ್ಟ್ ಮಾಡಿಸ್ಕೊಂಡ ಬರ್ರಿ," ಎಂದು ಔಷಧಿ ಬರೆದ ಚೀಟಿಯನ್ನು ಹಾಳೆಯ ಕೆಳಗಿನಿಂದ ಸ್ಕೇಲಿನಲ್ಲಿ ತಳ್ಳಿದ. ವಿದ್ಯಾವತಿ ಬಾಗಿ ನೆಲದಿಂದ ಅದನ್ನು ಆರಿಸಿಕೊಂಡಳು. ಆ ಔಷಧಿಯಿಂದ ಕೂಸಿಗೆ ಭೇದಿಯಾಯಿತೇ ಹೊರತು ಉಸಿರು ಹಗುರಾಗಲಿಲ್ಲ.

ಟೆಸ್ಟೂ ಆಯಿತು. ಅಷ್ಟು ಸಣ್ಣ ಮೂಗಿಗೆ ಕಡ್ಡಿ ಹಾಕಿದಾಗ ಮಾಲವ್ವ ಆಚೆ ಮುಖ ತಿರುಗಿಸಿದಳು. ಕೊರೋನಾ ಇಲ್ಲ ಅಂತ ಬಾಳೇಶನ ಮೊಬೈಲಿಗೆ ಬಂತು. ಅವನು ಮೊಬೈಲ್ ಹಿಡಿದು ಚಾಳಿನ ಬಾಗಿಲು ಬಾಗಿಲಿಗೆ ತೋರಿಸುತ್ತಾ ಹೋದ, ಕಳವು ಮಾಡಿಲ್ಲ ಅಂತ ಆಣೆ ಮಾಡುವವನ ಹಾಗೆ. ಚಾಳಿನವರು ದೂರದಿಂದ ನೋಡಿ, "ಇಲ್ಲ ಅಂತ ಬಂದ್ರೂ ಒಳಗ ಇರ್ತೇತಂತ," ಅಂದರು. ಅವನು ತಿರುಗಿ ಬಂದು ಮತ್ತೆ ಕಟ್ಟೆಯ ಮೇಲೆಯೇ ಕೂತ.

"ಇಲ್ಲ ಅಂತ ಗೊತ್ತಾತಲ್ಲ. ಒಳಗ ಬರ್ರಿ. ನಿಮ್ಮ ಮಗಳನ್ನ ಒಂದ ಗಳಿಗಿ ಹಿಡೀರಿ, ನನ್ನ ಕೈ ಬಿದ್ದ ಹೋಗ್ಯಾವು," ಎಂದು ವಿದ್ಯಾವತಿ ಕರೆದಳು.

"ನಾಳೆ ನೋಡೂಣು," ಅಂದ ಬಾಳೇಶ. ಅವಳತ್ತ ನೋಡಲಿಲ್ಲ.

ಆ ನಾಳೆ ಬೆಳಗಾದಾಗ ಕೂಸು ಅಳುವುದನ್ನೇ ಬಿಟ್ಟಿತ್ತು. ಮೂಗಿನ ಹೊಳ್ಳೆ ಅರಳಿಸಿ ಅರಳಿಸಿ ಬರೀ ಉಸಿರಾಡುತ್ತಿತ್ತು. ಹಳಿಯಾಳದಲ್ಲಿ ಮಕ್ಕಳಿಗೆ ಮಷಿನ್ ಹಚ್ಚುವ ಡಾಕ್ಟರ್ ಇದ್ದಾನೆ ಅಂತ ಗೋದಾಮಿನ ಜತೆಗಾರ್ತಿ ಹೇಳಿದ್ದಳು. ಬಾಳೇಶ ಡ್ಯೂಟಿಗೆ ಹೋಗಬೇಕು ಅಂದ. ಅತ್ತೆ ಸೊಸೆ ಇಬ್ಬರೇ ಕೂಸನ್ನು ಟಾವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಕಾಗದ ಹೇರಿದ ಲಾರಿಗಳ ಹಿಂದೆ ಬಸ್ಸು ತೆವಳುತ್ತಿತ್ತು. ದಾರಿಯ ನಡುವೆ ಕಾಜಲ್‌ಗೆ ಕೆಮ್ಮು ಒತ್ತರಿಸಿ ಬಂತು, ಆಮೇಲೆ ಒಮ್ಮೆಲೆ ಉಸಿರೇ ಕಟ್ಟಿತು. ತುಟಿಯ ಸುತ್ತ ಬಣ್ಣ ಕಪ್ಪಾಯಿತು. ಮೂಗಿನ ಎರಡೂ ಹೊಳ್ಳೆಯಲ್ಲಿ ಗೋಂದಿನಂಥ ಸುಂಬಳ. ಬಟ್ಟೆಯಿಂದ ಒರೆಸಿದರೆ ಬರಲಿಲ್ಲ. ವಿದ್ಯಾವತಿ ಯೋಚಿಸಲಿಲ್ಲ. ಮಾಸ್ಕು ಕೆಳಗೆಳೆದು, ಕೂಸಿನ ಮೂಗಿಗೆ ತನ್ನ ಬಾಯಿ ಹಚ್ಚಿ ಜೋರಾಗಿ ಹೀರಿದಳು. ಬಾಯಿ ತುಂಬ ಉಪ್ಪುಪ್ಪಾದ ಲೋಳೆ. ಕಿಟಕಿಯಾಚೆ ಉಗುಳಿ ಮತ್ತೆ ಹೀರಿದಳು. ಮೂರನೆಯ ಸಲಕ್ಕೆ ಕೂಸು ಉಸಿರೆಳೆದುಕೊಂಡು ಕೀರಲಾಗಿ ಅತ್ತಿತು. ಅದಕ್ಕಿಂತ ಸಿಹಿಯಾದ ಸದ್ದನ್ನು ಅವಳು ಕೇಳಿರಲಿಲ್ಲ.

"ಥೂ, ಏನ್ ಹೊಲಸ ಮಂದೀರಿ," ಎಂದು ಮುಂದಿನ ಸೀಟಿನ ಗಂಡಸು ಎದ್ದು ನಿಂತ. "ಕಂಡಕ್ಟರ್, ಇವರನ್ನ ಇಳಸ್ರಿ. ಎಲ್ಲಾರಿಗೂ ಹಚ್ಚತಾರ." ಅವನ ಕೆಳತುಟಿಯ ಒಳಗೆ ಗುಟಕಾ ತುಂಬಿತ್ತು. ಮಾಸ್ಕು ಗದ್ದದ ಮೇಲಿತ್ತು. ಮಾತಾಡುವಾಗ ಕೆಂಪು ಹನಿ ಸೀಟಿನ ಬೆನ್ನಿಗೆ ಸಿಡಿದವು. ಅಕ್ಕಪಕ್ಕದವರು ಹೌದೌದು ಎಂಬಂತೆ ತಲೆಯಾಡಿಸಿ ಹಿಂದಿನ ಸೀಟುಗಳಿಗೆ ಸರಿದರು.

ಕಂಡಕ್ಟರ್ ಬಂದು ಕೂಸನ್ನು ನೋಡಿದ. "ಹಳಿಯಾಳ ಇನ್ನೇನ ಬಂತು, ಸುಮ್ನ ಕುಂದರ್ರಿ," ಎಂದು ಆ ಗಂಡಸಿಗೆ ಹೇಳಿ ಮುಂದೆ ಹೋದ. ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಅಂದು ಯಾರಿಂದಲೂ ವಿದ್ಯಾವತಿ ಬಯಸಿರಲಿಲ್ಲ.

ಮಷಿನ್ ಡಾಕ್ಟರ ದವಾಖಾನೆಯ ಕಟ್ಟೆಯ ಮೇಲೆ ತಾಯಂದಿರು ಸಾಲು ಹಿಡಿದು ಕೂತಿದ್ದರು. ಎಲ್ಲ ಮಡಿಲಲ್ಲೂ ಅದೇ ಕೆಮ್ಮು, ಅದೇ ಸುಯ್ಯೆನ್ನುವ ಉಸಿರು. ಒಳಗೆ ಒಂದು ಮಷಿನ್ ಗುಂಯ್‌ಗುಡುತ್ತಿತ್ತು, ಅದರ ಕೊಳವೆಯ ತುದಿಗೆ ಔಷಧದ ಹಬೆ ಬರುವ ಒಂದೇ ಒಂದು ಪ್ಲಾಸ್ಟಿಕ್ ಬಟ್ಟಲು. ಕಾಂಪೌಂಡರ್ ಒಂದು ಕೂಸಿನ ಮುಖದಿಂದ ಅದನ್ನು ಕಿತ್ತು ಮುಂದಿನ ಕೂಸಿನ ಮುಖಕ್ಕೆ ಒತ್ತುತ್ತಿದ್ದ. ತೊಳೆಯುವುದಿಲ್ಲ, ಒರೆಸುವುದಿಲ್ಲ. ಕಾಜಲ್‌ಳ ಸರದಿ ಬಂದಾಗ ವಿದ್ಯಾವತಿ ಆ ಬಟ್ಟಲನ್ನು ಹತ್ತಿರದಿಂದ ನೋಡಿದಳು. ಅಂಚಿನ ಸುತ್ತ ಹಳದಿ ಪೊರೆ ಕಟ್ಟಿತ್ತು. ಅದರ ಮೇಲೆ ಈಗಷ್ಟೇ ಎದ್ದುಹೋದ ಕೂಸಿನ ಹಸಿ ಸುಂಬಳ ಹೊಳೆಯುತ್ತಿತ್ತು. ಒಂದು ಸಣ್ಣ ಕೂದಲೂ ಅಂಟಿತ್ತು.

"ಇದನ್ನ ತೊಳದು ಹಾಕ್ರಿ," ಅಂದಳು.

"ಒಳಗ ಔಷಧಿ ಇರ್ತೇತಿ, ಎಲ್ಲಾ ಹುಳ ಸಾಯ್ತಾವು. ಮುಖ ಹಿಡಿ," ಅಂದ ಕಾಂಪೌಂಡರ್.

ಒಳಗಿನ ಕುರ್ಚಿಯಿಂದ ಡಾಕ್ಟರ್ ತಲೆಯೆತ್ತದೆ, "ಬ್ಯಾಡಾದ್ರ ಎದ್ದ ಹೋಗ್ರಿ, ಹಿಂದ ಮಂದಿ ಕುಂತಾರ," ಎಂದ. ಅವನ ಮೇಜಿನ ಮೇಲೆ ಸ್ಯಾನಿಟೈಝರ್ ಬಾಟಲಿ ದೇವರ ಹಾಗೆ ನಡುವೆ ಕೂತಿತ್ತು. ಯಾವ ಕೂಸನ್ನೂ ಮುಟ್ಟದ ಕೈಗಳಿಗೇ ಅವನು ಗಳಿಗೆಗೊಮ್ಮೆ ಅದನ್ನು ಸವರಿಕೊಳ್ಳುತ್ತಿದ್ದ.

ಮಾಲವ್ವ ಸೊಸೆಯ ರಟ್ಟೆ ಹಿಡಿದಳು. "ನಡಿ ವಿದ್ಯಾ. ಸರಕಾರಿ ದವಾಖಾನಿಗೆ ಹೋಗೂಣು."

ಹೊರಗೆ ಬಂದು ಗಟಾರದ ದಂಡೆಯಲ್ಲಿ ವಿದ್ಯಾವತಿ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿದಳು. ಬಸ್ಸಿನಲ್ಲಿ ಸುಂಬಳ ಹೀರಿದಾಗ ಬಾರದ ವಾಂತಿ ಈಗ ಬಂದಿತ್ತು.

ಸರಕಾರಿ ದವಾಖಾನೆಯಲ್ಲೂ ಸಾಲಿತ್ತು. ಆದರೆ ನರ್ಸ್ ಕೂಸಿನ ಎದೆ ನೋಡಿದವಳೇ ಸಾಲು ತಪ್ಪಿಸಿ ಒಳಗೆ ಒಯ್ದಳು. ಮಕ್ಕಳ ಡಾಕ್ಟರ್ ಸುಮಿತಾ ಎಂಬ ಚಿಕ್ಕ ವಯಸ್ಸಿನವಳು. ಮಾಸ್ಕಿನ ದಾರ ಉಜ್ಜಿ ಉಜ್ಜಿ ಕಿವಿಯ ಹಿಂದೆ ಗಾಯವಾಗಿತ್ತು. ಅವಳು ಕೂಸನ್ನು ಮುಟ್ಟಿದಳು. ಅಂಗೈ ಬೆಚ್ಚಗೆ ಮಾಡಿಕೊಂಡು ಎದೆಯ ಮೇಲಿಟ್ಟಳು, ಸ್ಟೆತಾಸ್ಕೋಪ್ ಹಚ್ಚಿ ಬೆನ್ನಿನ ಎರಡೂ ಕಡೆ ಕೇಳಿದಳು. ಇಷ್ಟು ದಿನದಲ್ಲಿ ಡಾಕ್ಟರೊಬ್ಬರು ಕಾಜಲ್‌ಳ ಮೈಮೇಲೆ ಕೈಯಿಟ್ಟದ್ದು ಅದೇ ಮೊದಲು. ವಿದ್ಯಾವತಿಯ ಕಣ್ಣು ತುಂಬಿತು.

ಆಕ್ಸಿಜನ್ ಹಚ್ಚಿದ ಮೇಲೆ ಸುಮಿತಾ ಹೇಳಿದಳು. "ಇದು ಕೊರೋನಾ ಅಲ್ಲಮ್ಮ. ಹಳೇ ನೆಗಡಿ ಜಾತಿದು. ಪ್ರತಿ ವರ್ಷ ಬರ್ತದ, ಮಕ್ಕಳು ಸ್ವಲ್ಪ ಸ್ವಲ್ಪ ತಗೊಂಡು ಗಟ್ಟಿ ಆಗ್ತಾವ. ಈ ಸಲ ಬಾಗಲಾ ಹಾಕ್ಕೊಂಡು ಕೂತಿದ್ವಿ, ಯಾವ ಕೂಸಿಗೂ ಅದರ ಗುರ್ತ ಇಲ್ಲ. ಬಾಗಲಾ ತೆರೆದ ಕೂಡ್ಲೇ ಎಲ್ಲಾರಿಗೂ ಒಮ್ಮೆಲೆ ಹಿಡದದ. ದೊಡ್ಡವರಿಗೆ ಮೂಗು ಸೋರಿ ಹೋಗ್ತದ. ಇಷ್ಟು ಸಣ್ಣಾವಕ್ಕ ಎದೆಗೆ ಇಳೀತದ."

"ಔಷಧಿ ಏನ್ರೀ?"

"ಇದನ್ನ ಕೊಲ್ಲೋ ಔಷಧಿ ಇಲ್ಲ. ಉಸಿರಿಗೆ ಆಸರೆ ಕೊಡೋದು, ಹೊಟ್ಟೆಗೆ ಸ್ವಲ್ಪ ಸ್ವಲ್ಪ ಹಾಲು ಹೋಗೋ ಹಂಗ ನೋಡ್ಕೊಳ್ಳೋದು, ಅಷ್ಟ. ಮೂಗಿಗೆ ಉಪ್ಪುನೀರಿನ ಹನಿ ಕೊಡ್ತೀನಿ, ಬಾಯಿಂದ ಹೀರಬ್ಯಾಡ್ರಿ."

ಮಾಲವ್ವ ಬಸ್ಸಿನ ಕತೆಯನ್ನು ಆಗಲೇ ಹೇಳಿಬಿಟ್ಟಿದ್ದಳು. ವಿದ್ಯಾವತಿ ತಲೆ ತಗ್ಗಿಸಿದಳು. ಆದರೆ ಡಾಕ್ಟರ ಮುಖದಲ್ಲಿ ಹೇಸಿಕೆ ಇರಲಿಲ್ಲ, ಆಯಾಸ ಮಾತ್ರ ಇತ್ತು.

ಅವರು ವಾರ್ಡಿನಲ್ಲಿ ಇದ್ದಷ್ಟು ದಿನ ಬಾಳೇಶ ಸಂಜೆಯ ಬಸ್ಸಿಗೆ ಬುತ್ತಿ ತರುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಬುತ್ತಿಯ ಡಬ್ಬಿಯನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಹಿಂದಕ್ಕೆ ಹಿಂದಕ್ಕೆ ನಡೆದು ಬೇವಿನ ಗಿಡದ ಕೆಳಗೆ ನಿಂತು, "ಈಗ ತಗೋ," ಅನ್ನುತ್ತಿದ್ದ. ಎರಡನೆಯ ದಿನ ವಿದ್ಯಾವತಿ ಹಿಂದಿನ ದಿನದ ಖಾಲಿ ಡಬ್ಬಿಯನ್ನು ಅವನ ಕೈಗೆ ಕೊಡಲು ಹೋದಳು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಅಲ್ಲೇ ಇಡ. ನಾ ತಗೊಂತೇನಿ."

ಅವಳು ಇಟ್ಟು ಸರಿದಳು. ಅವನು ಜೇಬಿನಿಂದ ಬಾಟಲಿ ತೆಗೆದು ಡಬ್ಬಿಯ ಮೇಲೆ, ಹಿಡಿಕೆಯ ಮೇಲೆ, ಗೋಡೆಯ ಮೇಲೂ ಸ್ಯಾನಿಟೈಝರ್ ಸಿಂಪಡಿಸಿದ. "ಹೆಂಗೈತಿ ಈಗ?" ಎಂದು ಕೇಳಿದ. ಕತ್ತು ಚಾಚಿ ವಾರ್ಡಿನ ಕಿಟಕಿಯತ್ತ ನೋಡಿದ. ಅವಳು ಹೊಸ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅದರ ಅನ್ನವನ್ನು ಮುಟ್ಟದೆ ಅತ್ತೆಯ ಮುಂದೆ ಸರಿಸಿದಳು.

"ಅವನ ಮ್ಯಾಲ ಸಿಟ್ಟಾಗಬ್ಯಾಡ," ಅಂದಳು ಮಾಲವ್ವ. "ಅಪ್ಪನ್ನ ಹಂಗ ನೋಡ್ಯಾನ. ಆ ಪ್ಲಾಸ್ಟಿಕ್ ಚೀಲ ಇನ್ನೂ ಅವನ ಕಣ್ಣಾಗ ಐತಿ."

"ಸಿಟ್ಟ ಇಲ್ಲತ್ತಿ," ಅಂದಳು ವಿದ್ಯಾವತಿ. "ಸಿಟ್ಟಿದ್ರ ಇಳೀತಿತ್ತು."

ಅವನ ಅಂಜಿಕೆ ಅವಳಿಗೆ ಅರ್ಥವಾಗುತ್ತಿತ್ತು. ಆದರೆ ಬೆನ್ನ ಹಿಂದೆ ಸರಿದ ಆ ಎರಡು ಕೈಗಳು ಕಣ್ಣಿಗೆ ಕಟ್ಟಿದ್ದವು. ಅವು ರಾತ್ರಿ ಹಗಲು ತನ್ನನ್ನು ಮುಟ್ಟಿದ ಕೈಗಳು ಅಂತ ನೆನೆದರೆ ಮೈ ಮುದುಡುತ್ತಿತ್ತು.

ಕಾಜಲ್ ಚೇತರಿಸಿಕೊಂಡಳು. ಒಂದು ಮುಂಜಾನೆ ಆಕ್ಸಿಜನ್ ಇಲ್ಲದೆ ನಿದ್ದೆ ಮಾಡಿದಳು, ಎದ್ದು ಹೊಟ್ಟೆ ತುಂಬ ಕುಡಿದಳು, ನರ್ಸಿನ ಮಾಸ್ಕು ಎಳೆದು ನಕ್ಕಳು. ಸುಮಿತಾ ಮನೆಗೆ ಕಳಿಸಿದಳು.

ಚಾಳಿಗೆ ಬಂದು ಇಳಿದಾಗ ಅಂಗಳದ ಮೂಲೆಯಲ್ಲಿ ಬೂದಿಯ ಗುಡ್ಡೆ ಇನ್ನೂ ಹೊಗೆಯಾಡುತ್ತಿತ್ತು. ಕರಗಿದ ಪ್ಲಾಸ್ಟಿಕ್, ಕಮರಿದ ಬಟ್ಟೆ, ಫಿನಾಯಿಲ್, ಎಲ್ಲದರ ವಾಸನೆ. ಬೂದಿಯ ನಡುವೆ ಕಾಜಲ್‌ಳ ಗಿಲಕಿಯ ಅರ್ಧ ಇತ್ತು. ಅದರ ಪಕ್ಕ ಕೌದಿಯ ಒಂದು ಮೂಲೆ. ಶೇಖಪ್ಪ ಹೋದ ಮೇಲೆ ಅವನ ಧೋತರಗಳನ್ನು ಒಂದರ ಮೇಲೊಂದು ಹಾಸಿ ಮಾಲವ್ವ ಮೊಮ್ಮಗಳಿಗೆಂದು ಹೊಲಿದ ಕೌದಿ ಅದು.

ಬಾಳೇಶ ಬಾಗಿಲಲ್ಲಿ ನಿಂತಿದ್ದ. ಹೆಮ್ಮೆಪಡಬೇಕೋ ತಲೆ ತಗ್ಗಿಸಬೇಕೋ ತಿಳಿಯದ ಮುಖ. "ತೊಟ್ಟಿಲಾ, ಅರಿವಿ, ಹಾಸಗಿ ಎಲ್ಲಾ ಸುಟ್ಟೇನಿ. ಗ್ವಾಡಿನೂ ತೊಳದೇನಿ. ಚಾಳಿನವರು ಹಂಗ ಮಾಡಿದ್ರ ಅಷ್ಟ ಒಳಗ ಬಿಡ್ತೇವಿ ಅಂದ್ರು."

ಜ್ಯೋತಿ ತನ್ನ ಬಾಗಿಲಿನಿಂದ, "ಚಲೋ ಮಾಡಿದ್ರು ಅಕ್ಕಾ. ಈಗ ಎಲ್ಲಾ ಸ್ವಚ್ಛ ಆತು. ಕೂಸಿಗೆ ಆರಾಮಾತಲ್ಲ?" ಎಂದಳು. ದನಿಯಲ್ಲಿ ಜೇನು ಸುರಿಯುತ್ತಿತ್ತು.

ಮಾಲವ್ವ ಬೂದಿಯ ಮುಂದೆ ಕೂತು ಆ ಮೂಲೆಯನ್ನು ಹೆಕ್ಕಿಕೊಂಡಳು. ಬಿಸಿಯಿತ್ತು. ಬೆರಳು ಸುಟ್ಟರೂ ಬಿಡಲಿಲ್ಲ. "ಇಂದೂರಿಗೆ ಹೋಗೂಣು ನಡಿ ವಿದ್ಯಾ. ಜ್ವಾಳ ಮುರಿಯೂ ಹೊತ್ತಾತು. ಇಲ್ಲಿ ನನಗ ಉಸಿರ ಹಿಡದೇತಿ," ಅಂದಳು.

ಒಳಗೆ ಕೋಣೆ ಬೆತ್ತಲಾಗಿತ್ತು. ಫಿನಾಯಿಲ್ಲಿನ ನೀರು ಮೂಲೆಯಲ್ಲಿ ಇನ್ನೂ ನಿಂತಿತ್ತು. ವಿದ್ಯಾವತಿ ಉಳಿದ ಎರಡು ಸೀರೆಯನ್ನು ಚೀಲಕ್ಕೆ ತುರುಕಿದಳು. ಬಾಳೇಶ ಹೊಸ್ತಿಲಲ್ಲೇ ನಿಂತು, "ನಾ ಏನ ತಪ್ಪ ಮಾಡ್ದೆ? ನಿಮ್ಮ ಸಲುವಾಗೆ ಮಾಡೇನಿ," ಅಂದ. ಅಂದವನು ಸೀನಿದ. ಮತ್ತೊಮ್ಮೆ ಸೀನಿದ. ಅಂಗೈಯಿಂದ ಮೂಗು ಒರೆಸಿಕೊಂಡು ಅದೇ ಕೈಯನ್ನು ಕೂಸಿನ ಕೆನ್ನೆಗೆ ಚಾಚಿದ.

ಈ ಸಲ ಹಿಂದೆ ಸರಿದವಳು ವಿದ್ಯಾವತಿ. "ಮುಟ್ಟಬ್ಯಾಡ್ರಿ," ಅಂದಳು. ಇಷ್ಟು ದಿನ ಒಳಗೆ ಕಟ್ಟಿಕೊಂಡದ್ದೆಲ್ಲ ಆ ಒಂದು ಮಾತಿನಲ್ಲಿ ಬಂದಿತ್ತು. ಬಾಳೇಶನ ಕೈ ಗಾಳಿಯಲ್ಲೇ ನಿಂತಿತು.

ಹೊರಡುವ ಮುಂಜಾನೆ ನಲ್ಲಿಯ ಬಳಿ ಜ್ಯೋತಿ ಎದುರಾದಳು. ಬಗಲಲ್ಲಿ ಅವಳ ತಂಗಿಯ ಹಸುಗೂಸು. ತಂಗಿ ಬಾಣಂತನ ಮುಗಿಸಿಕೊಂಡು ಅಕ್ಕನ ಮನೆಗೆ ಬಂದಿದ್ದಳಂತೆ. ಆ ಕೂಸಿನ ಮೂಗು ಗೊರಗೊರ ಅನ್ನುತ್ತಿತ್ತು. ಜ್ಯೋತಿ ಬೇಗ ಬೇಗ ಸೆರಗು ಮುಚ್ಚಿದಳು. ವಿದ್ಯಾವತಿ ಸುಮ್ಮನೆ ಹೋಗಬಹುದಿತ್ತು. ಹೋಗಬೇಕು ಅಂತಲೂ ಅನ್ನಿಸಿತು. ಆದರೆ ಕೂಸಿನದೇನು ತಪ್ಪು?

"ಪಕ್ಕಿ ಒಳಗ ಎಳೀತಿದ್ರ, ಹಾಲ ಬಿಟ್ರ, ಹಾದಿ ನೋಡಬ್ಯಾಡ. ಹಳಿಯಾಳದ ಸರಕಾರಿ ದವಾಖಾನಿಗೆ ಒಯ್ಯಿ," ಅಂದಳು. ಅದರಲ್ಲಿ ಕರುಣೆಯೇನೂ ಇರಲಿಲ್ಲ. ದಾರಿಯಲ್ಲಿ ಹಾವಿದೆ ಅಂತ ಎದುರು ಬಂದವರಿಗೆ ಹೇಳುವ ಹಾಗೆ ಹೇಳಿದಳು. ಜ್ಯೋತಿ, "ಇದು ಬರೇ ಥಂಡಿ ಅಕ್ಕಾ," ಎಂದು ತೊದಲಿದಳು. ವಿದ್ಯಾವತಿ ಅವಳ ಮುಖ ನೋಡಲಿಲ್ಲ.

ಇಂದೂರಿನಲ್ಲಿ ಗೋವಿನಜೋಳ ಮುರಿದು ಅಂಗಳಕ್ಕೆ ಬಂತು. ತೆನೆ ಸುಲಿಯುವ ಹೆಂಗಸರ ನಡುವೆ ಕಾಜಲ್ ಅಂಬೆಗಾಲಿಟ್ಟು ಮಣ್ಣು ತಿಂದಳು, ಯಾರು ಯಾರದೋ ಮಡಿಲಲ್ಲಿ ಮಲಗಿದಳು, ಎರಡು ಸಲ ಅವಳಿಗೆ ಬಂದ ನೆಗಡಿ ತಾನೇ ವಾಸಿಯಾಯಿತು. ಬಾಳೇಶ ಬಹಳ ದಿನ ಬರಲಿಲ್ಲ. ಫೋನು ಮಾಡುತ್ತಿದ್ದ. ಮಾಲವ್ವ ಮಾತಾಡುತ್ತಿದ್ದಳು, ವಿದ್ಯಾವತಿ ತೆನೆ ಸುಲಿಯುತ್ತಿದ್ದಳು.

ದೀಪಾವಳಿಗೆ ಬಂದ. ಅಂಗಳದಲ್ಲಿ ಚೀಲ ಇಳಿಸಿ, ಯಾರೂ ಹೇಳದೆ ಕೂಸಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಚಾಚಿದ. ಕಾಜಲ್ ಗುರುತು ಹಿಡಿಯಲು ಒಂದಿಷ್ಟು ಹೊತ್ತು ತೆಗೆದುಕೊಂಡು ಆಮೇಲೆ ಹೋದಳು. ಅವನು ಎತ್ತಿಕೊಂಡ. ಎತ್ತಿಕೊಂಡ ಕೂಡಲೇ ಅವಳು ಅವನ ಮುಖದ ಮೇಲೆಯೇ ಸೀನಿದಳು. ಕಣ್ಣು, ಮೂಗು, ತುಟಿ, ಎಲ್ಲ ಕಡೆ ಹನಿ. ಬಾಳೇಶ ಕಲ್ಲಾದ. ಕೂಸನ್ನು ಇಳಿಸುತ್ತಾನೆ ಅಂದುಕೊಂಡಳು ವಿದ್ಯಾವತಿ. ಇಳಿಸಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡು, ಇನ್ನೊಂದು ತೋಳಿನಿಂದ ಮಗಳ ಮೂಗು ಒರೆಸಿ, ಎಮ್ಮೆ ತೋರಿಸುತ್ತೇನೆ ಅಂತ ಕೊಟ್ಟಿಗೆಗೆ ಒಯ್ದ. ಅವಳಾಗಿಯೇ ಇಳಿಯಲು ಹಟ ಮಾಡುವ ತನಕ ಎತ್ತಿಕೊಂಡೇ ತಿರುಗಿದ.

ಆಮೇಲೆ ಹಿತ್ತಲ ಬಚ್ಚಲಿಗೆ ಹೋದ. ವಿದ್ಯಾವತಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಆಲಿಸಿದಳು. ತಂಬಿಗೆಯಿಂದ ನೀರು ಸುರಿಯುವ ಸದ್ದು, ಸಾಬೂನು ಉಜ್ಜುವ ಸದ್ದು, ಮತ್ತೆ ನೀರು, ಮತ್ತೆ ಸಾಬೂನು. ಬಹಳ ಹೊತ್ತು ನಡೆಯಿತು. ಅವಳೊಳಗಿನ ಹೇಸಿಕೆ ಮತ್ತೆ ಹೊರಳಿತು, ಆದರೆ ಮೊದಲಿನಷ್ಟು ಮೇಲೆ ಬರಲಿಲ್ಲ. ಅವನು ಒಳಗೆ ಬಂದಾಗ ಮುಖ ಕೆಂಪಗಾಗಿತ್ತು, ಕಣ್ಣೂ ಕೆಂಪಗಿದ್ದವು. ಅವಳ ಕಡೆ ನೋಡಲಾರದೆ ಗೋಡೆಗೆ ಒರಗಿ ಕೂತ.

ವಿದ್ಯಾವತಿ ತಾಟು ಅವನ ಮುಂದೆ ಸರಿಸಿದಳು. ಹೆಂಚಿನ ಮೇಲಿನ ರೊಟ್ಟಿಯನ್ನು ತೆಗೆದು ಹಾಕಿದಳು.

"ಉಣ್ರಿ," ಅಂದಳು. "ಆರಿದ್ರ ಬಿರಸ ಆಗ್ತೇತಿ."